ಉಗುರುಬೆಚ್ಚಗಿನ ನೀರು

"ಟ್ಯಾಂಕಿಗೆ ಏನೂ ಆಗಿಲ್ಲ ಯಜಮಾನ್ರೇ. ಒಳಗಿನ ನೀರಿಗೆ ಕೈ ಇಟ್ರೆ ಸುಡುತ್ತೆ," ಎನ್ನುತ್ತ ಸೋಲಾರ್ ರಿಪೇರಿಯವಳು ತಾರಸಿಯಿಂದ ಏಣಿ ಇಳಿದಳು.

ಯಜಮಾನರಿಗೆ ನಂಬಿಕೆ ಬರಲಿಲ್ಲ. ಬಸ್ ಡಿಪೋದಲ್ಲಿ ಮೂವತ್ತಾರು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಅವರು. ಯಂತ್ರದ ವಿಷಯದಲ್ಲಿ ಇನ್ನೊಬ್ಬರ ಮಾತಿಗೆ ಸುಲಭವಾಗಿ ತಲೆಯಾಡಿಸಿದವರಲ್ಲ. ಇವಳಿಗಿಂತ ಮುಂಚೆ ಬಂದಿದ್ದ ಇಬ್ಬರೂ ಟ್ಯಾಂಕು ಹೋಗಿದೆ, ಬಿಸಾಕಿ ಎಂದಿದ್ದರು. ಮೂರು ವಾರದಿಂದ ಬಚ್ಚಲಿನ ಬಿಸಿನೀರಿನ ನಲ್ಲಿಯಲ್ಲಿ ಬರುತ್ತಿದ್ದದ್ದು ಉಗುರುಬೆಚ್ಚಗಿನ ನೀರು.

ತಮ್ಮ ಸ್ನಾನದ ಮಾತಾದರೆ ಅವರು ತಣ್ಣೀರನ್ನೇ ಸುರಿದುಕೊಂಡಾರು. ಸಂಕಟವೆಲ್ಲ ಹೆಂಡತಿಯ ಬೆರಳುಗಳದ್ದು. ಸಂಧಿವಾತಕ್ಕೆ ಸೆಟೆದುಕೊಂಡ ಆ ಬೆರಳುಗಳು ಬೆಳಿಗ್ಗೆ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆದರೆ ಮಾತ್ರ ಸೂಜಿ ಹಿಡಿಯುತ್ತಿದ್ದವು. ಒಲೆಯ ಮೇಲೆ ಕಾಯಿಸಿ ಹೊತ್ತು ತರಲು ಹೋಗಿ ಯಜಮಾನರು ಪಾದ ಸುಟ್ಟುಕೊಂಡ ದಿನವೇ ಆಕೆ, ಇನ್ನು ಹೊಲಿಗೆಯ ಸಹವಾಸವೇ ಸಾಕು ಎಂದುಬಿಟ್ಟಿದ್ದಳು. ಹೊಲಿಗೆ ಯಂತ್ರ ಕೊಳ್ಳುವವನು ಇವತ್ತು ನಾಲ್ಕು ಗಂಟೆಗೆ ಬರುವವನಿದ್ದ. ಯಂತ್ರ ಹೋದರೆ ಅವಳು ಅರ್ಧ ಆಗಿಬಿಡುತ್ತಾಳೆಂದು ಯಜಮಾನರಿಗೆ ಗೊತ್ತಿತ್ತು.

ರಿಪೇರಿಯವಳು ಚೀಲದಿಂದ ಒಂದು ಸ್ಪ್ಯಾನರನ್ನೂ ತೆಗೆಯಲಿಲ್ಲ. ಮುಂಗೈಯನ್ನು ಪೈಪಿಗೆ ತಾಗಿಸುತ್ತ ಗೋಡೆಗುಂಟ ನಡೆದಳು. ಅಲ್ಲಲ್ಲಿ ನಿಂತಳು, ಕಿವಿಗೊಟ್ಟಳು, ಮುಂದೆ ಹೋದಳು. ಹಿಂದೆಯೇ ಹೋಗುತ್ತಿದ್ದ ಯಜಮಾನರ ಗುಮಾನಿ ಕರಗತೊಡಗಿತು. ಡಿಪೋದಲ್ಲಿ ಇಂಥ ಕೈ ಎರಡೇ ಎರಡು ಇದ್ದವು, ಆ ಎರಡೂ ತಮ್ಮವೇ ಎಂಬುದು ಅವರ ಲೆಕ್ಕ. ಈಗ ಆ ಲೆಕ್ಕ ತಿದ್ದಬೇಕಾಗಿ ಬಂತು.

ಅವಳು ನಿಂತದ್ದು ಅಡುಗೆಮನೆಯ ಸಿಂಕಿನ ಮುಂದೆ. ಅಲ್ಲಿದ್ದದ್ದು ಯಜಮಾನರದೇ ಕೈಕೆಲಸ. ಬಿಸಿನೀರು ತಣ್ಣೀರು ಎರಡೂ ಬೆರೆಯುವ ನಲ್ಲಿಗೆ ಕೊಳವೆ ಸಿಕ್ಕಿಸಿ, ತುದಿಗೊಂದು ಒತ್ತುವ ಗುಂಡಿ ಕೂರಿಸಿದ್ದರು. ಹೆಂಡತಿ ಆ ಬೆರಳುಗಳಲ್ಲಿ ತಿರುಪು ತಿರುಗಿಸಲು ಒದ್ದಾಡಬಾರದೆಂದು ಎರಡು ತಿರುಪನ್ನೂ ಸದಾ ತೆರೆದೇ ಇಟ್ಟಿದ್ದರು. ಗುಂಡಿ ಒತ್ತಿದರೆ ಸಾಕು, ನೀರು.

ರಿಪೇರಿಯವಳು ತಿರುಪು ಎರಡನ್ನೂ ಮುಚ್ಚಿ ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತೆರೆದಳು. ಪೈಪಿನಲ್ಲಿದ್ದ ತಣ್ಣೀರು ಒಂದು ಬಕೆಟ್ ಹರಿಯಿತು. ಆಮೇಲೆ ಹಬೆ ಎದ್ದಿತು.

"ಸಿಂಕಿನ ನಲ್ಲಿ ಯಾವಾಗ ಹಾಕಿದ್ದು?"

"ಮೂರು ವಾರ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ತುದಿ ಮುಚ್ಚಿ ತಿರುಪುಗಳೆರಡೂ ತೆರೆದಿದ್ದರೆ, ಒತ್ತಡ ಹೆಚ್ಚಿರುವ ತಣ್ಣೀರು ನಲ್ಲಿಯೊಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗಿ, ಬಚ್ಚಲಿನವರೆಗೂ ಬೆರೆಯುತ್ತದೆ ಎಂದು ಅವಳು ವಿವರಿಸಿದಳು. ನಲ್ಲಿಯನ್ನು ಕೀಳಬೇಕಾಗಿಲ್ಲ, ನೀರು ಹಿಂದಕ್ಕೆ ಹೋಗದ ಹಾಗೆ ಎರಡು ಪುಟ್ಟ ವಾಲ್ವು ಕೂರಿಸಿದರೆ ಸಾಕು ಎಂದು ಹತ್ತೇ ನಿಮಿಷದಲ್ಲಿ ಕೂರಿಸಿಯೂಬಿಟ್ಟಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅಮ್ಮಂಗೆ ಏನು ಹೇಳ್ಲಿ? ಪೈಪಲ್ಲಿ ಗಾಳಿ ಸೇರ್ಕೊಂಡಿತ್ತು ಅಂತೀನಿ, ಬಿಡಿ."

ಎಂಥ ಹೆಂಗಸು ಎಂದುಕೊಂಡರು ಯಜಮಾನರು. ಕೆಲಸ ಬಲ್ಲವರು ಇದ್ದಾರೆ. ಮಾಡಿದ ಕೆಲಸವನ್ನು ಮೆರೆಸದವರು ಎಲ್ಲಿ ಸಿಗುತ್ತಾರೆ? ಒಂದು ಗಳಿಗೆ ಆ ಗಾಳಿಯ ಕಥೆ ಅವರಿಗೆ ಬಹಳ ಹಿಡಿಸಿತು ಕೂಡ.

ಬಚ್ಚಲಲ್ಲಿ ಹೆಂಡತಿ ಮಣೆಯ ಮೇಲೆ ಕೂತು, ಬೋಗುಣಿಯಲ್ಲಿ ಎರಡೂ ಕೈ ಮುಳುಗಿಸಿ ಕಣ್ಣು ಮುಚ್ಚಿದ್ದಳು.

"ಟ್ಯಾಂಕು ನೆಟ್ಟಗೇ ಇತ್ತು ಕಣೇ," ಎಂದರು ಯಜಮಾನರು ಬಾಗಿಲಲ್ಲಿ ನಿಂತು. "ನಾನು ಹಾಕಿದ ನಲ್ಲಿಯಿಂದ ಆಗಿದ್ದು. ತಪ್ಪು ನಂದೇ."

"ಏನಂದ್ರಿ?"

"ತಪ್ಪು ನಂದೇ ಅಂದೆ."

ಮೊದಲ ಸಲವೇ ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ನಲವತ್ತು ವರ್ಷದಲ್ಲಿ ಮೊದಲ ಬಾರಿ ಬಂದ ಮಾತು, ಒಂದು ಸಲ ಕೇಳಿದರೆ ಸಾಲದಾಗಿತ್ತು, ಅಷ್ಟೇ. ಚೀಲ ಕಟ್ಟುತ್ತಿದ್ದ ರಿಪೇರಿಯವಳು ಗೋಡೆಯ ಕಡೆ ಮುಖ ತಿರುಗಿಸಿ ನಕ್ಕಳು.

ನಾಲ್ಕು ಗಂಟೆಗೆ ಸರಿಯಾಗಿ ಯಂತ್ರ ಕೊಳ್ಳುವವನು ಬಂದ. ಯಜಮಾನರು ಅವನಿಗೆ ಜಗಲಿಯಲ್ಲಿ ಕುರ್ಚಿ ಹಾಕಿ, ಕುಡಿಯಲು ನೀರು ಕೊಟ್ಟರು. ಒಳಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು.