ತಂಗಿ ಪಾಸ್ ಮಾಡಿದ ಇಂಜಿನ್

೧
ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಕಾರ್ಖಾನೆಯ ಗೇಟಿನಿಂದ ಶುರುಮಾಡಿ ನೋಡಿದೆ. ಸೈರನ್ನು, ಹೊಗೆ, ಸೈಕಲ್ಲು ಎಲ್ಲ ಬಂದವು, ಅಕ್ಕ ಮಾತ್ರ ಬರಲಿಲ್ಲ. ಬರೆದದ್ದನ್ನು ಹೊಡೆದುಹಾಕಿದೆ. ಅವಳಿದ್ದಲ್ಲಿಗೇ ಹೋಗೋಣ ಬನ್ನಿ.

೨
ಲಾರಿ ಮಾಡುವ ಕಾರ್ಖಾನೆ. ಈಗ ಅಲ್ಲಿ ದೋಷ ಹುಡುಕುವ ಅಭಿಯಾನ. ಇಂಜಿನ್ ಓಡುತ್ತಿರುವಾಗ ಉಕ್ಕಿನ ಸರಳಿನ ಒಂದು ತುದಿಯನ್ನು ಅದರ ಮೈಗೆ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಬೇಕು. ಸರಿಯಿದ್ದರೆ ಹಸಿರು ಚೀಟಿ, ಒಳಗೆ ಬಡಿತವಿದ್ದರೆ ಕೆಂಪು. ಈ ಕೆಲಸದಲ್ಲಿ ಅಕ್ಕನನ್ನು ಮೀರಿಸಿದವರಿರಲಿಲ್ಲ. ತಂಗಿಗೂ ಅವಳೇ ಕಲಿಸಿದ್ದು.

(ಅಕ್ಕ: “ಕಲಿಸಿ ಕೆಟ್ಟೆ, ಅಂತ ಬರಿ.” ನಾನು: “ಸ್ವಲ್ಪ ತಾಳಮ್ಮ.”)

ಅಭಿಯಾನದ ಪೋಸ್ಟರಿನಲ್ಲಿ ಸರಳು ಹಿಡಿದು ನಗುತ್ತಿರುವವಳು ತಂಗಿ. ಸರಳು ಅಕ್ಕನದು.

೩
ಇಲ್ಲಿ ‘ಅಕ್ಕನಿಗೆ ಹೆಮ್ಮೆಯಾಯಿತು’ ಎಂದು ಬರೆದೆ.

“ಯಾರಿಗೆ ಹೆಮ್ಮೆ? ನನಗಾ? ಹೊಟ್ಟೆ ಉರಿದು ಬೂದಿಯಾಗಿದೆ. ಹಾಗಂತಲೇ ಬರಿ, ನಿನಗೇನು ನಾಚಿಕೆ?”

ಬರೆದೆ.

೪
ಅಭಿಯಾನ ಮುಗಿದರೆ ತಂಗಿಯ ಕೆಲಸ ಕಾಯಂ. ಒಂದೇ ಒಂದು ಕೆಟ್ಟ ಇಂಜಿನ್ನಿಗೆ ಹಸಿರು ಚೀಟಿ ಕಟ್ಟಿದರೂ ಕೆಲಸ ಹೋಗಿ ಮನೆಗೆ. ಅವಳು ಒಂದು ಇಂಜಿನ್ನಿಗೆ ಹಸಿರು ಚೀಟಿ ಕಟ್ಟಿ ಊಟಕ್ಕೆ ಹೋದಾಗ ಅಕ್ಕ ಅದೇ ಇಂಜಿನ್ನನ್ನು ಮತ್ತೆ ಓಡಿಸಿ, ಸುಮ್ಮನೆ ಸರಳು ಒತ್ತಿದಳು. (ಸುಮ್ಮನೆಯಂತೆ! ನೀವು ನಂಬಬೇಡಿ.)

ಡಬ್. ಡಬ್.

ಅಕ್ಕನ ಮುಖ ಅರಳಿತು. ಅರಳಿದ್ದು ತನಗೇ ಗೊತ್ತಾಗಿ ಬಾಡಿತು. ಎದೆ ಹೊಡೆದುಕೊಳ್ಳುವಾಗ ಸರಳು ಒತ್ತಿದರೆ ಎಷ್ಟೋ ಸಲ ಕೇಳುವುದು ನಮ್ಮದೇ ನಾಡಿ. ತಂಗಿಗೆ ಅವಳು ಕಲಿಸಿದ ಮೊದಲ ಪಾಠವೇ ಅದು. ನೀರು ಕುಡಿದಳು, ಕೂತು ಸುಧಾರಿಸಿಕೊಂಡಳು, ಮತ್ತೆ ಒತ್ತಿದಳು. ಪೋಸ್ಟರು ಕಣ್ಣಿಗೆ ಬಿತ್ತು.

ಡಬ್. ಡಬ್.

ಅಂತ್ಯ
ಅಕ್ಕ ಬಾಯಿ ಬಿಡಲಿಲ್ಲ. ಲಾರಿ ಇಳಿಜಾರಿನಲ್ಲಿ ಕೆಟ್ಟಿತು. “ಡ್ರೈವರ್ ಗತಿ?” ಎಂದಳು ಅಕ್ಕ. ಹರಿದೆ.

ಇನ್ನೊಂದು ಅಂತ್ಯ
ಅಕ್ಕ ಕೆಂಪು ಚೀಟಿ ಕಟ್ಟಿದಳು. ತಂಗಿ ಅಳುತ್ತ ಮನೆಗೆ ಹೋದಳು. “ಅದೇ ಮನೇಲಿ ನಾನೂ ಇರಬೇಕಲ್ಲ?” ಅದನ್ನೂ ಹರಿದೆ.

೫
ಅಷ್ಟರಲ್ಲಿ ತಂಗಿ ಬಂದಳು. ನಾನೇನೂ ಕರೆದಿರಲಿಲ್ಲ.

“ಏನಕ್ಕಾ, ಏನಾದ್ರೂ ಕೇಳ್ತಾ?”

“ಏನೋ ಕೇಳ್ದಂಗಾಯ್ತು. ನನ್ನ ಕಿವೀನ ನಂಬಬೇಡ ಕಣೇ. ನಿನ್ನ ಮೇಲೆ ಹೊಟ್ಟೆಕಿಚ್ಚಿದೆ ನಂಗೆ.”

“ಗೊತ್ತು ಬಿಡು. ಪೋಸ್ಟರ್ ಅಂಟಿಸಿದಾಗಿಂದ ನೀನು ಕಟ್ಟಿಕೊಡೋ ನನ್ನ ಊಟದ ಡಬ್ಬಿಗೆ ಉಪ್ಪೇ ಬಿದ್ದಿಲ್ಲ.”

ತಂಗಿಯೇ ಹಸಿರು ಚೀಟಿ ಕಿತ್ತಳು. “ಆದ್ರೂ ನಿನ್ನ ಕಿವಿ ಕಿವೀನೇ,” ಎಂದು ಇಂಜಿನ್ ಬಿಚ್ಚಿ ನೋಡಲು ಫಿಟ್ಟರನ್ನು ಕೂಗಿದಳು.

ಅಂತ್ಯವಲ್ಲ
ಫಿಟ್ಟರ್ ಬೋಲ್ಟು ಸಡಿಲಿಸುತ್ತಿದ್ದಾನೆ. ಒಳಗೆ ಏನು ಸಿಕ್ಕಿತು ಅಂತ ನಾನು ಬರೆಯುವುದೊಂದೇ ಬಾಕಿ. ಅಕ್ಕ ನನ್ನ ಕೈ ಹಿಡಿದುಕೊಂಡಳು.

“ತಡಿ. ದೋಷ ಇದ್ರೆ ಅವಳ ಕೆಲಸ ಹೋಯ್ತು. ಇಲ್ದಿದ್ರೆ ನನ್ನ ಕಿವಿ ಹೋಯ್ತು.”

“ನಿನಗೆ ಯಾವುದು ಬೇಕೋ ಹೇಳು, ಅದನ್ನೇ ಬರೀತೀನಿ.”

ಅಕ್ಕ ತಂಗಿಯನ್ನು ನೋಡಿದಳು. ಅವಳ ಗಂಟಲಿಗೆ ಬಂದ ಮೊದಲ ಉತ್ತರ ನನಗೆ ಗೊತ್ತಾಯಿತು. ಏನದು ಅಂತ ನೀವು ಎಷ್ಟು ಕೇಳಿದರೂ ಹೇಳಲಾರೆ. ಅವಳು ಅದನ್ನು ನುಂಗಿಕೊಳ್ಳಲಿ ಅಂತ ಕಾಯುತ್ತಿದ್ದೇನೆ.