ಬಾನುವಿನ ಬಂಜಿ

ಕುತ್ತಿಗೆಗೆ ಬಿಸಿ ಉಸಿರು, ಬೇಯಿಸಿದ ಹುರುಳಿಯ ವಾಸನೆ, ಇವಳು ಮತ್ತೆ ನನ್ನ ತಲೆವಸ್ತ್ರ ಜಗಿಯುತ್ತಿದ್ದಾಳೆ, ಬಿಡು ಬಾನು, ಅದು ಕುದುರೆ ತಿನ್ನುವ ಹುಲ್ಲಲ್ಲ, ಬಕೆಟಿನಲ್ಲಿ ಉಂಟು ನಿನ್ನದು, ತಿನ್ನು, ತಿನ್ನುತ್ತಾಳೆ, ಒಂದು ಬಾಯಿ ತಿಂದು ತಲೆಯೆತ್ತಿ ಎಮ್ಮೆ ಅಲ್ಲೇ ಇದೆಯೋ ಎಂದು ನೋಡುತ್ತಾಳೆ, ಇದೆ, ನೆರೆಮನೆಯ ದೇಜಪ್ಪಣ್ಣನ ಎಮ್ಮೆ ಕೊಯ್ಲಾದ ಗದ್ದೆಯಲ್ಲಿ ಮಲಗಿ ಮೆಲುಕು ಹಾಕುತ್ತಿದೆ, ಅದರ ಬೆನ್ನ ಮೇಲೆ ನಮ್ಮ ಆಡು, ಗುಡ್ಡ ಹತ್ತಿದ ಗರ್ವದಲ್ಲಿ — ಅಲ್ಲಾಹನಿಗೆ ಸ್ತುತಿ, ಮೂರೂ ಇವೆ, ಮೂರಲ್ಲ, ಹೊಟ್ಟೆಯೊಳಗಿನದೂ ಸೇರಿ ನಾಲ್ಕು. ಕಳೆದ ವರ್ಷವೂ ನಾಲ್ಕಿತ್ತು, ದೇಜಪ್ಪಣ್ಣ ಎಮ್ಮೆಯನ್ನು ಹಾಲಿಗೆಂದು ಶಿರ್ವದ ತಂಗಿಯ ಮನೆಗೆ ಕಳಿಸಿದ, ಬಾನು ಬೇಲಿಯುದ್ದಕ್ಕೂ ಓಡಿದಳು, ಕೆನೆದಳು, ಮೇವು ಮುಟ್ಟಲಿಲ್ಲ, ಒಂದು ಬೆಳಿಗ್ಗೆ ನೋಡಿದರೆ ಹುಲ್ಲಿನ ಮೇಲೆ ರಕ್ತ, ಹೋಯಿತು. ಈ ಸಲ ಹೋಗಬಾರದು. ಕಾರ್ಕಳದ ಗಂಡು ಕುದುರೆಯ ಹತ್ತಿರ ಹೋಗಿಬಂದ ಮೇಲೆ ಇವರು ಅವಳನ್ನು ಜಟಕಾಕ್ಕೆ ಕಟ್ಟಿಲ್ಲ, ಊರಿಗೆ ಪುತ್ತುಬ್ಬ ಬ್ಯಾರಿ, ನನಗೆ ಇವರು, ರಿಕ್ಷಾ ಬಂದ ಮೇಲೆ ಕಾಪು ಪೇಟೆಯಲ್ಲಿ ಜಟಕಾ ಹತ್ತುವವರಾದರೂ ಯಾರು, ಎಮ್ಮೆಯನ್ನು ಇಲ್ಲೇ ಬಿಡು ಎಂದು ದೇಜಪ್ಪಣ್ಣನನ್ನು ನಾನೇ ಕೇಳಿದೆ, ಎಂತ ನಬೀಸಕ್ಕ, ಕುದುರೆಗೆ ಎಮ್ಮೆ ಸೂಲಗಿತ್ತಿಯಾ ಎಂದು ನಕ್ಕ, ನಕ್ಕರೂ ಬಿಟ್ಟ, ಅವನ ಹಟ್ಟಿ ತುಂಬಿರಲಿ.

ಇಷ್ಟಾದರೂ ಇವರಿಗೆ ಧೈರ್ಯವಿಲ್ಲ, ನಿನ್ನೆ ದನದ ಆಸ್ಪತ್ರೆಗೆ ಹೋದರು, ಧಾರವಾಡದ ಕಡೆಯಿಂದ ಬಂದ ಹೊಸ ಡಾಕ್ಟ್ರು, ಕುದುರೆ ಬಂಜಿ, ಒಂದು ಇಂಜೆಕ್ಷನ್ ಕೊಡಿ ಎಂದರಂತೆ, ಶಕ್ತಿಗೆ ಎಂಬುದು ಬಾಯಲ್ಲೇ ಉಳಿಯಿತು, ಇವರ ಕನ್ನಡವೇ ಹಾಗೆ, ಅರ್ಧ ತುಳು, ಕಾಲು ಬ್ಯಾರಿ, ಉಳಿದದ್ದು ಕೈಸನ್ನೆ. ಡಾಕ್ಟ್ರು ಇವರ ಜೊತೆಗೇ ಮನೆಗೆ ಬಂದು ಸೂಜಿಗೆ ಮದ್ದು ಎಳೆದರು, ಬಾನು ನಿಲ್ಲಲಿಲ್ಲ, ಎಮ್ಮೆ ತೋಡಿನ ನೀರಿಗೆ ಹೋಗಿತ್ತು, ಅದಿಲ್ಲದೆ ಇವಳು ಯಾರ ಮಾತೂ ಕೇಳುವವಳಲ್ಲ, ಇವರು ಎಮ್ಮೆ ತರಲು ಓಡಿದರು, ಹಗ್ಗ ಹಿಡಿದು ನಾನು, ಸೂಜಿ ಹಿಡಿದು ಡಾಕ್ಟ್ರು, ಸುಮ್ಮನೆ ನಿಲ್ಲಲಾರದೆ ಕೇಳಿದರು, ಬಂಜೆಯಾಗಿ ಎಷ್ಟು ವರ್ಷವಾಯಿತಮ್ಮ. ಊರಿಗೆ ಬಂದು ತಿಂಗಳಾಗಿಲ್ಲ, ಈ ಡಾಕ್ಟ್ರಿಗೂ ನನ್ನ ಸಂಗತಿ ಯಾರೋ ಹೇಳಿದರಾ, ಆ ಶಬ್ದ ಗೊತ್ತು ನನಗೆ, ಶಾಲೆಯಲ್ಲಿ ಕಲಿತದ್ದಲ್ಲ, ಉಡುಪಿಯಲ್ಲಿ ಹೆಂಗಸರ ಡಾಕ್ಟ್ರ ಬಾಗಿಲಲ್ಲಿ ಸಾಲಿನಲ್ಲಿ ಕುಳಿತಾಗ ಪಕ್ಕದವಳು ಇನ್ನೊಬ್ಬಳ ಕಿವಿಯಲ್ಲಿ ನನ್ನ ಕಡೆ ನೋಡಿ ಅಂದದ್ದು, ಹನ್ನೊಂದು ಎಂದೆ, ಮುಖ ಮುಚ್ಚಿಕೊಂಡೆ, ಚಿಂತೆ ಬೇಡ ಎಂದರು ಡಾಕ್ಟ್ರು, ಇದನ್ನು ಚುಚ್ಚಿದರೆ ಹೊಟ್ಟೆಯಲ್ಲಿ ಏನಿದ್ದರೂ ಹೊರಗೆ ಬಿದ್ದು ಬೆದೆಗೆ ಬರುತ್ತದೆ, ಬೆದೆಗಾ, ನಾನಾ — ಅಲ್ಲ, ಕುದುರೆ, ಕೇಳುತ್ತಿರುವುದು ಕುದುರೆಯ ಬಗ್ಗೆ, ಏನಿದ್ದರೂ ಹೊರಗೆ — ಹಗ್ಗ ಬಿಟ್ಟು ಆ ಕೈಯನ್ನೇ ಹಿಡಿದೆ, ಪರಪುರುಷನ ಕೈ, ಬಂಜೆ ನಾನು ಡಾಕ್ಟ್ರೇ, ಇವಳಲ್ಲ, ಇವಳು ಬಂಜಿ, ನಮ್ಮಲ್ಲಿ ಬಂಜಿ ಅಂದರೆ ಬಸುರಿ.

ಅವರ ಮುಖ ಬಿಳುಚಿತು, ನಮ್ಮೂರಲ್ಲಿ ಮನೆಗೆ ಮನಿ, ಬಂಜೆಗೆ ಬಂಜಿ ಅಂತಾರವ್ವ, ನಾ ಹಂಗ ತಿಳ್ಕೊಂಡೆ, ನಿಮ್ಮ ಬಾಯಿಂದ ಆ ಮಾತು ಹೇಳಿಸಿದೆನಲ್ಲ ಎಂದರು, ಇರಲಿ ಡಾಕ್ಟ್ರೇ, ಎಷ್ಟೋ ರಾತ್ರಿ ಅಳಿಸಿದ ಶಬ್ದ, ಒಂದು ದಿನವಾದರೂ ಕೆಲಸಕ್ಕೆ ಬಂತು, ಸಾಲಿನಲ್ಲಿದ್ದ ಆ ಪುಣ್ಯಾತಗಿತ್ತಿಗೂ ಒಳ್ಳೆಯದಾಗಲಿ, ಅವಳು ಅನ್ನದಿದ್ದರೆ ನನಗೆ ಎಲ್ಲಿ ತಿಳಿಯುತ್ತಿತ್ತು, ಎಮ್ಮೆಗೂ ಒಳ್ಳೆಯದಾಗಲಿ, ತೋಡಿನಲ್ಲಿ ಹೊರಳಿ ಹೊರಳಿ ತಡಮಾಡಿದ್ದಕ್ಕೆ, ಇವರ ಮುರುಕು ಕನ್ನಡಕ್ಕೆ ಮಾತ್ರ ಇನ್ನೂ ಬೈಗುಳ ಬಾಕಿ ಉಂಟು, ಡಾಕ್ಟ್ರು ಸೂಜಿ ಕೆಳಗೆ ಮಾಡಿ ಮದ್ದನ್ನು ಹಿಂಡಿದರು, ಒಣ ಮಣ್ಣಿನಲ್ಲಿ ಒದ್ದೆ ಕಲೆ, ನಾಣ್ಯದಗಲ, ಬಾನು ಬಗ್ಗಿ ಮೂಸಿದಳು, ಇಷ್ಟೇ ಇಷ್ಟು, ಈಗ ಆರಿದೆ, ಆದರೂ ಕಾಣುತ್ತಿದೆ, ಒದ್ದೆ ಕಲೆ, ನೆಲದ ಮೇಲೆ, ಅವಳ ಒಳಗಲ್ಲ, ನೆಲದ ಮೇಲೆ