ಗಂಟೆ ಕಾಯುವ ಚಿಪ್ಪು

ನ್ಯಾಮತಿಯ ಪೇಟೆ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಮರುಳಪ್ಪನ ಕಿವಿ ಹೋಗಿದ್ದು ಊರಿಗೆ ಗೊತ್ತಿರಲಿಲ್ಲ. ಕಿವಿಯಿಲ್ಲದವನ ಹತ್ತಿರ ರೇಡಿಯೋ ಯಾರು ತರುತ್ತಾರೆ? ಸ್ಪೀಕರಿನ ಮೇಲೆ ಬೆರಳಿಟ್ಟು, ಅದರ ನಡುಕದಿಂದಲೇ ದನಿ ಬಂತೆಂದು ತಿಳಿಯುತ್ತಿದ್ದ. ಎದುರಿಗೆ ನಿಂತು ಜೋರಾಗಿ ಆಡಿದ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಗುಟ್ಟು ಗೊತ್ತಿದ್ದವಳು ಹೆಂಡತಿ ಕಸ್ತೂರಮ್ಮ ಒಬ್ಬಳೇ. ಅವಳು ಶಿವನ ಪಾದ ಸೇರಿ ಎರಡು ವರ್ಷ.

ಭಿಕ್ಷೆಗೆ ಬರುವ ಮಠದ ಅಯ್ಯನವರಿಗೆ ಇಂಥ ದಿನ ಅಂತಿಲ್ಲ. ಬಾಗಿಲ ಮುಂದೆ ನಿಂತು ಮೂರು ಸಲ ಕೈಗಂಟೆ ಬಾರಿಸುತ್ತಾರೆ, ಕೂಗುವುದಿಲ್ಲ. ಯಾರೂ ಬಾರದಿದ್ದರೆ ಮುಂದಿನ ಮನೆ. ಎಂಬತ್ತೇಳನೇ ಇಸವಿಯ ಶ್ರಾವಣದಲ್ಲಿ ಪಕ್ಕದ ಮನೆಯ ಕೊಟ್ರಮ್ಮ ಎದುರಿಗೇ ನಿಂತು ಗದರಿದಳು.

"ಅಲ್ರೀ ಮರುಳಪ್ಪಣ್ಣ, ಅಯ್ಯನೋರು ಗಂಟೆ ಬಾರಿಸಿ ಬಾರಿಸಿ ಹೋದ್ರು. ಹಿಡಿ ಹಿಟ್ಟು ಹಾಕಾಕೆ ಕೈ ಬರಲಿಲ್ಲೇನು? ಕಸ್ತೂರಕ್ಕನ ಜೊತೆಗೇ ಹೋತು ಬಿಡ್ರಿ ಈ ಮನೆ ಧರ್ಮ!"

ಮರುಳಪ್ಪ ತಲೆ ತಗ್ಗಿಸಿದ. ಜಿಪುಣ ಅನ್ನಿಸಿಕೊಂಡ, ನಿಜ ಹೇಳಲಿಲ್ಲ.

ಗಂಟೆ ಬಾರಿಸಿದ್ದು ತಿಳಿಯಲೆಂದು ಮೊದಲು ಬಾಗಿಲಿಗೆ ಒಂದು ಮೈಕು, ಒಳಗೆ ಒಂದು ದೀಪ ಜೋಡಿಸಿದ. ಸದ್ದಾದರೆ ದೀಪ ಹತ್ತುತ್ತಿತ್ತು. ಹಿಟ್ಟಿನ ಮೊರ ಹಿಡಿದು ಓಡಿದರೆ ಎದುರಿಗೆ ಎತ್ತು. ಎತ್ತಿನ ಕೊರಳಗಂಟೆ ಯಾವುದು, ಅಯ್ಯನವರ ಮೂರು ಸಲದ್ದು ಯಾವುದು ಎಂದು ಎಣಿಸಿ ತಿಳಿಯಬಲ್ಲ ಎಲೆಕ್ಟ್ರಾನಿಕ್ ಚಿಪ್ಪು ಬೇಕಾಯಿತು.

ದಾವಣಗೆರೆಯಲ್ಲಿ ಹಳೇ ಸಾಮಾನು ಮಾರುವ ಬೈಲಪ್ಪನ ಅಂಗಡಿಗೆ ಹೋದ. ಅಲ್ಲಿ ಗುರುತಿನವರಿಲ್ಲ, ಧೈರ್ಯವಾಗಿ ಕಿವಿಗೆ ಕೈ ಒಡ್ಡಿದ.

"8748 ನಂಬರಿನ ಚಿಪ್ಪು ಐತೆ," ಬೈಲಪ್ಪ ಕೂಗಿದ. "ನೀವು ಬರೆದದ್ದು ನೆನಪಿಟ್ಕಂತೈತೆ, ಅಳಿಸಿ ಮತ್ತೆ ಬರೀಬೌದು. ಮುನ್ನೂರು ರೂಪಾಯಿ."

"ಅಷ್ಟು ಆಗಲ್ರೀ."

"ಹಂಗಾರೆ ಈ 8048, ಇಪ್ಪತ್ತು. ಯಾವುದೋ ತಕ್ಕಡಿ ಮಿಷನ್ನಿಂದ ಬಿಚ್ಚಿದ್ದು. ಒಳಗೆ ತಕ್ಕಡಿ ಪಾಠಾನೇ ಕೂತೈತೆ, ಅಳಿಸಾಕೆ ಬರಲ್ಲ. ನಿಮ್ಮ ಮಾತು ಕೇಳಲ್ಲ."

"ಅದಕ್ಕೂ ಕಿವುಡೇನ್ರೀ?"

ಬೈಲಪ್ಪ ನಕ್ಕ. "ಏಳನೇ ಕಾಲಿಗೆ ಐದು ವೋಲ್ಟ್ ಕೊಡ್ರಿ. ಒಳಗಿಂದು ಬಿಟ್ಟು, ನೀವು ಹೊರಗಿಟ್ಟ ಮೆಮೊರಿ ಓದ್ತೈತೆ. ಬೆಸುಗೆ ಕೆಲಸ ಜಾಸ್ತಿ ಅಷ್ಟೆ."

"ಜಾಸ್ತಿಯಾಗಲಿ ಬಿಡ್ರಿ. ಮನೇಲಿ ಮಾತಾಡಿಸೋರು ಯಾರೈದಾರೆ?"

ಇಪ್ಪತ್ತರದ್ದನ್ನೇ ತಂದ. ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರು ಮೆಮೊರಿ ಬರೆದುಕೊಟ್ಟರು. ನಾಲ್ಕು ತಿಂಗಳು ಹಿಡಿಯಿತು. ಅಯ್ಯನವರದಂಥದೇ ಗಂಟೆ ತಂದು ತಾನೇ ಮೂರು ಸಲ ಬಾರಿಸಿದ, ದೀಪ ಹತ್ತಿತು. ಎತ್ತು ಹೋದರೆ ಹತ್ತಲಿಲ್ಲ. ಚಿಪ್ಪಿಗೆ ವಿಭೂತಿ ಹಚ್ಚಿ ಕೈಮುಗಿದ.

ಆಮೇಲೆ ವಾರಗಟ್ಟಲೆ ದೀಪ ಹತ್ತಲೇ ಇಲ್ಲ. ಬೆಸುಗೆ ಬಿಟ್ಟಿತೇನೋ ಎಂದು ಮತ್ತೆ ಮತ್ತೆ ಬಿಚ್ಚಿ ನೋಡಿದ. ಒಂದು ಬೆಳಿಗ್ಗೆ ಕಿಟಕಿಯಲ್ಲಿ ನಿಂತಿದ್ದಾಗ ಕಂಡಿತು: ಅಯ್ಯನವರು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಅವನ ಬಾಗಿಲು ದಾಟಿ ಹೋಗುತ್ತಿದ್ದರು. ಕೊಡದ ಮನೆಯೆಂದು ಬಿಟ್ಟುಬಿಟ್ಟಿದ್ದರು.

ಮೊರ ಹಿಡಿದು ಓಡಿದ. ಕೊಟ್ರಮ್ಮನ ಬಾಗಿಲ ಮುಂದೆ ಸಿಕ್ಕರು. ಅಯ್ಯನವರು ಮೆಲ್ಲಗೆ ಏನೋ ಕೇಳಿದರು. ಮರುಳಪ್ಪ ಏನೆಂದು ತಿಳಿಯದೆಯೇ ತಲೆಯಾಡಿಸಿದ. ಅವರು ಜೋಳಿಗೆ ಒಡ್ಡಲಿಲ್ಲ, ಮತ್ತೆ ಕೇಳಿದರು. ಕೊಟ್ರಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ನಂಗೆ ಕಿವಿ ಕೇಳಲ್ರೀ ಅಯ್ಯನೋರೇ. ಬಾಳ ವರ್ಷಾತು."

ಎಷ್ಟು ಜೋರಾಗಿ ಅಂದನೋ ಅವನಿಗೆ ತಿಳಿಯಲಿಲ್ಲ. ಎದುರು ಸಾಲಿನ ಬಾಗಿಲುಗಳಲ್ಲಿ ಒಂದೊಂದೇ ಮುಖ ಕಾಣಿಸಿಕೊಂಡಿತು. ಅಯ್ಯನವರು ಜೋಳಿಗೆ ಬಿಡಿಸಿ ಹಿಡಿದರು. ಅವನು ಹಿಟ್ಟು ಸುರಿದ.